ಹದಿಹರೆಯದವರ ವ್ಯಸನಮುಕ್ತಿಯಲ್ಲಿ ಸಂಗೀತ ಚಿಕಿತ್ಸೆ

ಸಂಗೀತ ಚಿಕಿತ್ಸೆಯು ತರಬೇತಿ ಪಡೆದ ಚಿಕಿತ್ಸಕರು ನಿರ್ದಿಷ್ಟ ಗುರಿಯೊಂದಿಗೆ ಸಂಗೀತವನ್ನು ಬಳಸುವ ಪದ್ಧತಿ. ಮದ್ಯ, ತಂಬಾಕು, ಗಾಂಜಾ ಮೊದಲಾದ ವ್ಯಸನಗಳಿಂದ ಚೇತರಿಸಿಕೊಳ್ಳುತ್ತಿರುವ ಹದಿಹರೆಯದವರಿಗೆ ಇದನ್ನು ಔಷಧೋಪಚಾರ ಹಾಗೂ ಆಪ್ತಸಮಾಲೋಚನೆಗೆ ಪೂರಕವಾಗಿ ನೀಡಲಾಗುತ್ತದೆ.

ವಿಧಾನ

ಹಾಡು ಆಲಿಸಿ ಚರ್ಚಿಸುವುದು, ಗೀತರಚನೆ ಮತ್ತು ಗುಂಪಿನಲ್ಲಿ ವಾದ್ಯ ನುಡಿಸುವುದು ಮುಖ್ಯ ವಿಧಾನಗಳು. ಮಾತಿನಲ್ಲಿ ಹೇಳಲಾಗದ ನಾಚಿಕೆ, ಸಿಟ್ಟು, ದುಃಖಗಳನ್ನು ವ್ಯಕ್ತಪಡಿಸಲು ಇವು ನೆರವಾಗುತ್ತವೆ. ಸಂಗೀತದ ಪೂರ್ವಾಭ್ಯಾಸ ಬೇಕಿಲ್ಲ. ವ್ಯಸನದ ದಿನಗಳನ್ನು ನೆನಪಿಸುವ ಹಾಡು ಸೇವನೆಯ ಹಂಬಲವನ್ನು ಮತ್ತೆ ಕೆರಳಿಸಬಹುದಾದ್ದರಿಂದ ಹಾಡುಗಳ ಆಯ್ಕೆಯಲ್ಲಿ ಎಚ್ಚರ ಅಗತ್ಯ.

ಪರಿಣಾಮ ಮತ್ತು ಮಿತಿ

ವ್ಯಸನ ಚಿಕಿತ್ಸೆಯಲ್ಲಿ ಸಂಗೀತದ ಪಾತ್ರವನ್ನು ಕುರಿತ 2022ರ ಕಾಕ್ರೇನ್ ವಿಮರ್ಶೆಯು 21 ಪ್ರಯೋಗಗಳನ್ನು ಪರಿಶೀಲಿಸಿತು. ಇದರಿಂದ ಹಂಬಲ ತಗ್ಗಬಹುದು, ಚಿಕಿತ್ಸೆಗೆ ಬೇಕಾದ ಪ್ರೇರಣೆ ಹೆಚ್ಚಬಹುದು ಎಂದು ಅದು ತಿಳಿಸಿತು. ಖಿನ್ನತೆ, ಆತಂಕಗಳ ಮೇಲೆ ಸ್ಪಷ್ಟ ಪರಿಣಾಮ ಕಾಣಲಿಲ್ಲ. ಮದ್ಯ ಬಿಟ್ಟಾಗ ಉಂಟಾಗುವ ನಡುಕ, ಸೆಳವುಗಳಿಗೆ ವೈದ್ಯರ ಚಿಕಿತ್ಸೆಯೇ ಬೇಕು.

ಕರ್ನಾಟಕದಲ್ಲಿ

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಸಂಗೀತ ಮತ್ತು ಮಿದುಳಿನ ಸಂಬಂಧ ಕುರಿತ ಸಂಶೋಧನೆಯೂ ಅಲ್ಲಿ ನಡೆಯುತ್ತದೆ. ಗಿಣಿಗೇರಾ ಸೇರಿದಂತೆ ಕೊಪ್ಪಳ ಭಾಗಕ್ಕೆ ಪರಿಚಿತವಾದ ಭಜನೆ, ತತ್ವಪದಗಳು ತಾವಾಗಿಯೇ ಚಿಕಿತ್ಸೆಯಲ್ಲ. ಆದರೆ ಚಿಕಿತ್ಸಕರು ಅವನ್ನು ಸಾಮೂಹಿಕ ಗಾಯನಕ್ಕೆ ಬಳಸಿಕೊಳ್ಳಬಹುದು. ವ್ಯಸನಮುಕ್ತಿಗೆ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ನೆರವಿಗೆ ಟೆಲಿ ಮಾನಸ್ 14416 ಲಭ್ಯವಿವೆ.