ಮೊಣಕಾಲಿನ ಶಸ್ತ್ರಚಿಕಿತ್ಸೆ: ಅಧ್ಯಯನಕ್ಕೆ ಸೇರಿರೆಂದು ಆಸ್ಪತ್ರೆಯವರು ಕೇಳಿದರೆ



ಇಳಿಜಾರಿನ ತೋಟವನ್ನು ಜೀವಮಾನವಿಡೀ ಹತ್ತಿ ಇಳಿದವರಿಗೆ, ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿದವರಿಗೆ, ಗಿಡದ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಉದುರು ಕಾಫಿ ಹೆಕ್ಕಿದವರಿಗೆ ಅರವತ್ತರ ಹೊತ್ತಿಗೆ ಮೊಣಕಾಲು ನೋವು ಬರುವುದು ಹೊಸ ಸಂಗತಿಯಲ್ಲ. ಕೀಲು ತೀರಾ ಸವೆದವರು ಮಂಗಳೂರು, ಮಣಿಪಾಲ, ಬೆಂಗಳೂರುಗಳಿಗೆ ಹೋಗಿ ಕೃತಕ ಕೀಲು ಹಾಕಿಸಿಕೊಂಡು ಬರುವುದೂ ಈಗ ಸಾಮಾನ್ಯವಾಗಿದೆ. ವೈದ್ಯಕೀಯ ಕಾಲೇಜುಗಳಿಗೆ ಸೇರಿದ ಆಸ್ಪತ್ರೆಗಳಲ್ಲಿ ಕೆಲವೊಮ್ಮೆ ಶಸ್ತ್ರಚಿಕಿತ್ಸೆಯ ಜೊತೆಗೆ ಇನ್ನೊಂದು ಕಾಗದವನ್ನೂ ರೋಗಿಯ ಮುಂದೆ ಇಡುವುದುಂಟು. ಚಿಕಿತ್ಸೆಯ ನಂತರ ಜನರು ಹೇಗೆ ಚೇತರಿಸಿಕೊಳ್ಳುತ್ತಾರೆಂದು ಅಧ್ಯಯನ ನಡೆದಿದೆ, ನೀವೂ ಸೇರುತ್ತೀರಾ ಎಂಬುದು ಅದರ ಸಾರ. ಕೆಲವರು "ನಮ್ಮ ಮೇಲೆ ಪ್ರಯೋಗ ಮಾಡುತ್ತಾರೆ" ಎಂದು ಹೆದರಿ ಬೇಡವೆನ್ನುತ್ತಾರೆ. ಕೆಲವರು ಓದದೆಯೇ ರುಜು ಹಾಕುತ್ತಾರೆ. ಎರಡೂ ಸರಿಯಲ್ಲ. ಆದುದರಿಂದ ಈ ವಿಚಾರವನ್ನು ಸ್ವಲ್ಪ ವಿವರವಾಗಿ ತಿಳಿಸುವುದು ಯೋಗ್ಯವೆಂದು ಭಾವಿಸಿದ್ದೇನೆ.

ಕೀಲು ಸರಿಯಾಗಿ ಕೂತಿದೆಯೇ ಎಂಬುದನ್ನು ವೈದ್ಯರು ಎಕ್ಸ್‌ರೇಯಲ್ಲಿ ನೋಡಬಲ್ಲರು. ರಾತ್ರಿ ನೋವಿಲ್ಲದೆ ನಿದ್ದೆ ಬರುತ್ತದೆಯೇ, ಮೆಟ್ಟಿಲಿಳಿಯುವಾಗ ಧೈರ್ಯವಿದೆಯೇ ಎಂಬುದನ್ನು ಎಕ್ಸ್‌ರೇ ಹೇಳುವುದಿಲ್ಲ, ರೋಗಿಯೇ ಹೇಳಬೇಕು. ಮೊಣಕಾಲು ಕೀಲು ಬದಲಿಸಿಕೊಂಡವರಲ್ಲಿ ಹೆಚ್ಚಿನವರಿಗೆ ಒಳ್ಳೆಯ ಗುಣ ಕಾಣುತ್ತದೆ. ಆದರೂ ಸುಮಾರು ಐವರಲ್ಲಿ ಒಬ್ಬರು ತಮಗೆ ಪೂರ್ಣ ತೃಪ್ತಿಯಿಲ್ಲವೆಂದು ಹೇಳುವುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಈ ಐದನೆಯವರು ಯಾರು, ಅವರಿಗೇಕೆ ಹೀಗಾಯಿತು ಎಂಬುದನ್ನು ಮೊದಲೇ ತಿಳಿಯುವಂತಾದರೆ ಮುಂದಿನವರಿಗೆ ಎಷ್ಟು ಉಪಕಾರವಾದೀತು! ಸ್ವೀಡನ್ ದೇಶದವರು 1975ರಲ್ಲೇ ಇಡೀ ದೇಶದ ಮೊಣಕಾಲು ಕೀಲು ಬದಲಾವಣೆಗಳನ್ನು ಒಂದೇ ದಾಖಲೆಯಲ್ಲಿ ಬರೆದಿಡಲು ಆರಂಭಿಸಿದರು. ಯಾವ ಕೀಲು ಎಷ್ಟು ವರ್ಷ ಬಾಳಿತು, ಯಾವುದಕ್ಕೆ ಮತ್ತೆ ಕತ್ತರಿ ಹಾಕಬೇಕಾಯಿತು ಎಂಬ ಲೆಕ್ಕ ಇಂಥ ದಾಖಲೆಗಳಿಂದ ಸಿಗುತ್ತದೆ.

ಅಧ್ಯಯನಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದರಲ್ಲಿ ನಿಮ್ಮ ಚಿಕಿತ್ಸೆ ಕಿಂಚಿತ್ತೂ ಬದಲಾಗುವುದಿಲ್ಲ. ಶಸ್ತ್ರಚಿಕಿತ್ಸೆಗೆ ಮೊದಲು ಒಮ್ಮೆ, ಆಮೇಲೆ ಕೆಲವು ತಿಂಗಳಿಗೊಮ್ಮೆ ಪ್ರಶ್ನೆ ಕೇಳುತ್ತಾರೆ. ಕಾಲು ಎಷ್ಟು ಮಡಚುತ್ತದೆ, ಎಷ್ಟು ದೂರ ನಡೆಯುತ್ತೀರಿ ಎಂದು ಅಳೆಯುತ್ತಾರೆ. ಎರಡನೆಯದರಲ್ಲಿ ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ವಿಂಗಡಿಸಿ, ಬೇರೆ ಬೇರೆ ಚಿಕಿತ್ಸೆ ಕೊಟ್ಟು ಹೋಲಿಸುತ್ತಾರೆ.

ಈ ಚೀಟಿಯ ಕ್ರಮ ಏಕೆ ಬೇಕೆಂಬುದು ಅಡಿಕೆ ಬೆಳೆಗಾರರಿಗೆ ಸುಲಭವಾಗಿ ಅರ್ಥವಾಗುತ್ತದೆ. ಮಳೆ ಕಡಿಮೆಯಾದ ವರ್ಷ ಮದ್ದು ಬಿಡದ ತೋಟದಲ್ಲೂ ಕೊಳೆ ಕಡಿಮೆ. ಆ ವರ್ಷ ಹೊಸ ಮದ್ದು ಬಿಟ್ಟವನು ಎಲ್ಲಾ ಮದ್ದಿನ ಗುಣವೆಂದು ಹೇಳಿಕೊಂಡರೆ ಒಪ್ಪಲಾದೀತೇ? ಪಕ್ಕದಲ್ಲೇ ಮದ್ದು ಬಿಡದ ನಾಲ್ಕು ಸಾಲು ಇದ್ದರೆ ಮಾತ್ರ ನಿಜ ತಿಳಿಯುತ್ತದೆ. ಮೊಣಕಾಲು ನೋವೂ ಹಾಗೆಯೇ, ತಾನಾಗಿ ಏರುತ್ತದೆ, ಇಳಿಯುತ್ತದೆ.

ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಉತ್ತಮ ಉದಾಹರಣೆ. ಸವೆದ ಮೊಣಕಾಲಿಗೆ ಸಣ್ಣ ರಂಧ್ರ ಮಾಡಿ, ದುರ್ಬೀನು ತೂರಿಸಿ, ಒಳಗೆ ತೊಳೆದು ಕೆರೆಯುವ ಚಿಕಿತ್ಸೆ ಆಗ ಬಹಳ ಪ್ರಚಾರದಲ್ಲಿತ್ತು. ಅರ್ಹರಾದ 324 ರೋಗಿಗಳನ್ನು ಕೇಳಲಾಗಿ 144 ಜನ ಬೇಡವೆಂದರು, 180 ಜನ ಒಪ್ಪಿದರು. ಒಂದು ಗುಂಪಿಗೆ ಕೆರೆದು ತೊಳೆದರು, ಇನ್ನೊಂದಕ್ಕೆ ಬರಿದೆ ತೊಳೆದರು, ಮೂರನೆಯದಕ್ಕೆ ಚರ್ಮವನ್ನಷ್ಟೇ ಕೊಯ್ದು ಹೊಲಿದರು. ತಮಗೆ ಬರಿಯ ತೋರಿಕೆಯ ಚಿಕಿತ್ಸೆ ಸಿಗಬಹುದೆಂದು ಬಲ್ಲೆವೆಂದು ಅವರೆಲ್ಲ ಮೊದಲೇ ಸ್ವಹಸ್ತದಿಂದ ಬರೆದುಕೊಟ್ಟಿದ್ದರು. ಎರಡು ವರ್ಷ ನೋಡಿದರೂ ಮೂರು ಗುಂಪುಗಳ ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಮುಂದಿನ ಅಧ್ಯಯನಗಳೂ ಇದನ್ನು ಬಲಪಡಿಸಿದ್ದರಿಂದ, ಸವೆತದ ನೋವಿಗೆ ಈ ಚಿಕಿತ್ಸೆ ಬೇಡವೆಂದು 2017ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡವೊಂದು ಸ್ಪಷ್ಟವಾಗಿ ಸಲಹೆ ಮಾಡಿತು. ಆ 180 ಜನರ ಒಪ್ಪಿಗೆಯಿಂದ ಎಷ್ಟೋ ಜನರ ಹಣ ಉಳಿದಿದೆ, ಕಾಲೂ ಉಳಿದಿದೆ.

ಕೀಲು ಬದಲಾವಣೆಯ ಮಾತು ಬೇರೆ. ಡೆನ್ಮಾರ್ಕಿನಲ್ಲಿ 100 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೀಲು ಬದಲಿಸಿ ವ್ಯಾಯಾಮವನ್ನೂ ಮಾಡಿಸಿದವರಿಗೆ ಬರಿಯ ವ್ಯಾಯಾಮ, ಪಥ್ಯ, ಔಷಧಗಳ ಗುಂಪಿಗಿಂತ ಒಂದು ವರ್ಷದ ಕೊನೆಗೆ ಹೆಚ್ಚು ಗುಣ ಕಂಡಿತು. ಜೊತೆಗೆ ಗಂಭೀರ ತೊಂದರೆಗಳೂ ಅವರಲ್ಲೇ ಹೆಚ್ಚು. ಶಸ್ತ್ರಚಿಕಿತ್ಸೆಯಿಲ್ಲದ 50 ಜನರಲ್ಲಿ ಆ ವರ್ಷದೊಳಗೆ ಕೀಲು ಬದಲಿಸಿಕೊಂಡವರು 13 ಜನ ಮಾತ್ರ. ಲಾಭ ನಷ್ಟ ಎರಡನ್ನೂ ಹೀಗೆ ತೂಗಿ ಹೇಳುವಂತಾದದ್ದು ರೋಗಿಗಳು ಕೈಜೋಡಿಸಿದ್ದರಿಂದ.

ಇನ್ನು ನಮ್ಮ ವಿಚಾರಕ್ಕೆ ಬರೋಣ. ಚೇತರಿಕೆಯನ್ನು ಅಳೆಯಲು ಬಹಳ ಕಡೆ ಬಳಸುವ ಆಕ್ಸ್‌ಫರ್ಡ್ ಪ್ರಶ್ನಾವಳಿಯಲ್ಲಿ 12 ಪ್ರಶ್ನೆಗಳಿವೆ. ಒಟ್ಟು ಅಂಕ 48. ಅದು ಇಂಗ್ಲೆಂಡಿನಲ್ಲಿ 1998ರಲ್ಲಿ ಬಂದದ್ದು. ಕುರ್ಚಿಯಿಂದ ಏಳುವುದು, ಕಾರು ಹತ್ತುವುದು, ಅಂಗಡಿಗೆ ಹೋಗುವುದು, ಮಂಡಿಯೂರಿ ಏಳುವುದು ಅದರಲ್ಲಿವೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವುದು, ಕುಕ್ಕರಗಾಲಿನ ಶೌಚ, ಮಳೆಗಾಲದ ಜಾರುವ ಧರೆ ಅದರಲ್ಲಿಲ್ಲ. ಮಲೆನಾಡಿನ ರೋಗಿ ಅಧ್ಯಯನಕ್ಕೆ ಸೇರಿ ಈ ಮಾತುಗಳನ್ನು ಹೇಳದಿದ್ದರೆ, ನಮ್ಮ ಕಾಲಿನ ಗುಣವನ್ನು ಇಂಗ್ಲೆಂಡಿನ ಕುರ್ಚಿಯಿಂದಲೇ ಅಳೆಯುತ್ತಾ ಹೋಗುತ್ತಾರೆ.

ಸೇರಿದ ಮೇಲೆ ಕೊನೆಯವರೆಗೂ ಇರುವುದು ಅಷ್ಟೇ ಮುಖ್ಯ. ಡಿಸೆಂಬರಿನಲ್ಲಿ ಕಾಫಿ ಕೊಯ್ಲು ಬಂತೆಂದು ಮರುಪರೀಕ್ಷೆಗೆ ಹೋಗದೆ ಉಳಿಯುವವರುಂಟು. ಗುಣವಾದವರು "ಇನ್ನೇಕೆ" ಎಂದು, ಗುಣವಾಗದವರು ಬೇಸರದಿಂದ ನಿಂತರೆ ಲೆಕ್ಕ ಓರೆಯಾಗುತ್ತದೆ. ಹೋಗಲಾಗದಿದ್ದರೆ ಫೋನಿನಲ್ಲಾದರೂ ಉತ್ತರ ತೆಗೆದುಕೊಳ್ಳುವಿರಾ ಎಂದು ಮೊದಲೇ ಕೇಳಿಕೊಳ್ಳಿರಿ.

ರುಜು ಹಾಕುವ ಮೊದಲು ಕೇಳಬೇಕಾದ ಪ್ರಶ್ನೆಗಳು ಇವು:

1. ನನ್ನ ಚಿಕಿತ್ಸೆ ಇದರಿಂದ ಬದಲಾಗುತ್ತದೆಯೇ, ಇಲ್ಲವೇ?

2. ಆಸ್ಪತ್ರೆಯ ನೈತಿಕ ಸಮಿತಿ ಇದನ್ನು ಒಪ್ಪಿದೆಯೇ?

3. ಎಷ್ಟು ಸಲ ಬರಬೇಕು, ಬಸ್ಸಿನ ಖರ್ಚು ಯಾರದು?

4. ಅಧ್ಯಯನದಿಂದಲೇ ತೊಂದರೆಯಾದರೆ ಚಿಕಿತ್ಸೆ, ಪರಿಹಾರ ಯಾರ ಹೊಣೆ?

5. ನನ್ನ ಹೆಸರು, ದಾಖಲೆ ಗುಟ್ಟಾಗಿರುತ್ತದೆಯೇ?

6. ಹೋಲಿಕೆಯ ಅಧ್ಯಯನವಾದರೆ, ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ಅದರ ಸಂಖ್ಯೆ ಏನು? 2007ರಲ್ಲಿ ಆರಂಭವಾದ ಈ ದಾಖಲೆಯನ್ನು ಯಾರು ಬೇಕಾದರೂ ನೋಡಬಹುದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ವಿವರಣೆ ರೋಗಿಗೆ ತಿಳಿಯುವ ಭಾಷೆಯಲ್ಲಿರಬೇಕು, ಒಪ್ಪಿಗೆ ಪತ್ರದ ಪ್ರತಿ ಅವರಿಗೆ ಸಿಗಬೇಕು. ಓದಲು ಬಾರದವರಿಗೆ ಹೊರಗಿನ ಸಾಕ್ಷಿಯೊಬ್ಬರು ಇರಬೇಕು. ಯಾವ ಹಂತದಲ್ಲೂ, ಕಾರಣ ಹೇಳದೆಯೂ, ಹಿಂದೆ ಸರಿಯಬಹುದು; ಅದರಿಂದ ಸಿಗಬೇಕಾದ ಚಿಕಿತ್ಸೆಗೆ ಚ್ಯುತಿ ಬರಬಾರದು. ಬೇಡವೆನ್ನುವುದೂ ನಿಮ್ಮ ಹಕ್ಕೇ.

ಈ ಪ್ರಶ್ನೆಗಳಿಗೆ ನೇರವಾದ ಉತ್ತರ ಸಿಕ್ಕಿದರೆ ದಯವಿಟ್ಟು ಸೇರಿರಿ ಎಂದು ಸದಸ್ಯರನ್ನೂ, ತೋಟದ ಕೆಲಸಗಾರ ಬಂಧುಗಳನ್ನೂ ಕೋರುತ್ತೇನೆ. ಕಾಗದ ಅರ್ಥವಾಗದಿದ್ದಲ್ಲಿ ರುಜು ಹಾಕುವ ಮೊದಲೇ ಸಂಘದ ಕಚೇರಿಗೆ ತನ್ನಿರಿ. ಸಂತೆಯ ದಿನ ಬೆಳಿಗ್ಗೆ ನಾನು ಇರುತ್ತೇನೆ, ಕೂತು ಓದೋಣ.

— ಕಾರ್ಯದರ್ಶಿ