ಗರ್ಭಾವಸ್ಥೆಯಲ್ಲಿ ಸೀಸದ ಸಂಪರ್ಕ

ಗರ್ಭಾವಸ್ಥೆಯಲ್ಲಿ ಸೀಸದ ಸಂಪರ್ಕ ಎಂದರೆ ಗರ್ಭಿಣಿಯ ದೇಹದಲ್ಲಿರುವ ಸೀಸವು ರಕ್ತದ ಮೂಲಕ ಭ್ರೂಣವನ್ನು ತಲುಪುವುದು. ಈ ಸೀಸವು ಗರ್ಭಧಾರಣೆಯ ನಂತರವೇ ದೇಹವನ್ನು ಸೇರಿರಬೇಕೆಂದಿಲ್ಲ. ತಾಯಿಯ ಬಾಲ್ಯದಲ್ಲಿ ಸೇರಿದ ಲೋಹವೂ ಮಗುವನ್ನು ತಲುಪಬಲ್ಲದು.

ಮೂಳೆಯಿಂದ ಭ್ರೂಣಕ್ಕೆ

ದೇಹದಲ್ಲಿ ಸೀಸವು ಬಹುಮಟ್ಟಿಗೆ ಕ್ಯಾಲ್ಸಿಯಂನಂತೆ ವರ್ತಿಸುತ್ತದೆ. ರಕ್ತದಲ್ಲಿರುವ ಸೀಸವು ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕಿಳಿದರೂ ಮೂಳೆಗಳಲ್ಲಿ ಸಂಗ್ರಹವಾದದ್ದು ದಶಕಗಳವರೆಗೆ ಉಳಿಯುತ್ತದೆ. ವಯಸ್ಕರ ದೇಹದಲ್ಲಿರುವ ಒಟ್ಟು ಸೀಸದ ಸುಮಾರು ಶೇ. 90 ಅಥವಾ ಹೆಚ್ಚಿನ ಭಾಗ ಅಲ್ಲಿಯೇ ಇರುತ್ತದೆ. ಭ್ರೂಣದ ಅಸ್ಥಿಪಂಜರದ ರಚನೆಗಾಗಿ ತಾಯಿಯ ಮೂಳೆಗಳಿಂದ ಕ್ಯಾಲ್ಸಿಯಂ ಬಿಡುಗಡೆಯಾಗುವಾಗ ಅದರೊಡನೆ ಸೀಸವೂ ರಕ್ತಕ್ಕೆ ಮರಳುತ್ತದೆ. ಆಹಾರದಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದರೆ ಈ ಬಿಡುಗಡೆ ಹೆಚ್ಚುತ್ತದೆ. ಭಾರತದಲ್ಲಿ ಸೀಸಯುಕ್ತ ಪೆಟ್ರೋಲಿನ ಮಾರಾಟವು 2000ದಲ್ಲಿ ಕೊನೆಗೊಂಡಿತು. ಅದಕ್ಕೂ ಮುಂಚೆ ನಗರಗಳಲ್ಲಿ ಬೆಳೆದ ಹೆಣ್ಣುಮಕ್ಕಳ ವಿಷಯದಲ್ಲಿ ಈ ಅಂಶ ಗಮನಾರ್ಹ.

ಜರಾಯು ಸೀಸವನ್ನು ತಡೆಯುವುದಿಲ್ಲ. ಹೊಕ್ಕುಳಬಳ್ಳಿಯ ರಕ್ತದಲ್ಲಿ ಅದರ ಪ್ರಮಾಣವು ತಾಯಿಯ ರಕ್ತದಲ್ಲಿರುವುದಕ್ಕೆ ಸಮೀಪವಾಗಿರುತ್ತದೆ.

ನವಜಾತ ಶಿಶುವಿನ ಮೇಲೆ ಪರಿಣಾಮ

ಅಧಿಕ ಪ್ರಮಾಣದ ಸೀಸವು ಗರ್ಭಪಾತಕ್ಕೆ ಕಾರಣವಾಗಬಹುದು. ಕಡಿಮೆ ಪ್ರಮಾಣವೂ ತಾಯಿಯ ರಕ್ತದೊತ್ತಡದ ಏರಿಕೆ, ಅವಧಿಪೂರ್ವ ಜನನ ಹಾಗೂ ಕಡಿಮೆ ಜನನ ತೂಕದೊಂದಿಗೆ ಸಂಬಂಧ ಹೊಂದಿದೆ. ಆದರೆ ಬಹುತೇಕ ಶಿಶುಗಳು ಹುಟ್ಟಿದಾಗ ಆರೋಗ್ಯವಂತವಾಗಿಯೇ ಕಾಣುತ್ತವೆ. ಮಿದುಳಿಗಾದ ಹಾನಿಯು ಕಲಿಕೆ, ಗಮನ ಮತ್ತು ವರ್ತನೆಯ ತೊಂದರೆಗಳಾಗಿ ವರ್ಷಗಳ ನಂತರ ಹೊರಬರುತ್ತದೆ. ಆಗ ಅದರ ಮೂಲವನ್ನು ಗುರುತಿಸುವುದು ಕಷ್ಟ.

ಮೂಲಗಳು

ಹಳೆಯ ಬಣ್ಣ, ಬ್ಯಾಟರಿ ಕರಗಿಸುವ ಕೆಲಸ, ಹೊಳಪು ಲೇಪಿತ ಮಣ್ಣಿನ ಪಾತ್ರೆ, ಕೆಲವು ಕಾಡಿಗೆಗಳು ಇವುಗಳಲ್ಲಿ ಸೇರಿವೆ. ಬಸುರಿಯರಲ್ಲಿ ಕಂಡುಬರುವ ಮಣ್ಣು ತಿನ್ನುವ ಬಯಕೆಯೂ ಮಣ್ಣು ಕಲುಷಿತವಾಗಿದ್ದಲ್ಲಿ ಅಪಾಯಕಾರಿ. ಗ್ರಾಮೀಣ ಬಾಂಗ್ಲಾದೇಶದ ಗರ್ಭಿಣಿಯರ ರಕ್ತದಲ್ಲಿ ಕಂಡ ಸೀಸದ ಮೂಲವನ್ನು ಹುಡುಕಿದಾಗ, ಅರಿಶಿನಕ್ಕೆ ಗಾಢ ಹಳದಿ ಬಣ್ಣ ಬರಲೆಂದು ಬೆರೆಸಿದ ಲೆಡ್ ಕ್ರೋಮೇಟ್ ಮುಖ್ಯ ಕಾರಣವೆಂದು 2019ರಲ್ಲಿ ವರದಿಯಾಯಿತು. ನ್ಯೂಯಾರ್ಕ್ ನಗರದಲ್ಲಿ 2011–12ರಲ್ಲಿ ಆರು ಗರ್ಭಿಣಿಯರಿಗೆ ಸೀಸದ ವಿಷಬಾಧೆ ತಗುಲಿದ್ದು ಭಾರತದಿಂದ ತಂದ ಆಯುರ್ವೇದ ಮಾತ್ರೆಗಳಿಂದ.

ಪತ್ತೆ ಮತ್ತು ಆರೈಕೆ

ರಕ್ತಪರೀಕ್ಷೆಯೊಂದೇ ಖಚಿತ ಮಾರ್ಗ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2010ರಲ್ಲಿ ಗರ್ಭಿಣಿಯರಿಗೆ ಪ್ರತಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಎಂಬ ಎಚ್ಚರಿಕೆಯ ಮಟ್ಟವನ್ನು ಸೂಚಿಸಿತು. ಅದಕ್ಕಿಂತ ಕೆಳಗಿನ ಪ್ರಮಾಣ ನಿರಪಾಯವೆಂದು ಇದರ ಅರ್ಥವಲ್ಲ. ಮೊದಲ ಚಿಕಿತ್ಸೆ ಮೂಲವನ್ನು ಗುರುತಿಸಿ ದೂರಮಾಡುವುದು. ಸಾಕಷ್ಟು ಕ್ಯಾಲ್ಸಿಯಂ ಮತ್ತು ಕಬ್ಬಿಣಾಂಶದ ಸೇವನೆ ಸೀಸದ ಹೀರಿಕೆಯನ್ನು ತಗ್ಗಿಸುತ್ತದೆ. ಸೀಸವನ್ನು ಹೊರಹಾಕುವ ಔಷಧಗಳನ್ನು 45 ಮೈಕ್ರೋಗ್ರಾಂ ಅಥವಾ ಹೆಚ್ಚಿನ ಮಟ್ಟದಲ್ಲಿ ಮಾತ್ರ, ತಜ್ಞರ ಸಲಹೆಯಂತೆ ಪರಿಗಣಿಸಲಾಗುತ್ತದೆ. ಎದೆಹಾಲಿನಲ್ಲಿಯೂ ಸ್ವಲ್ಪ ಸೀಸವಿರುತ್ತದೆ, ಆದರೂ ಹೆಚ್ಚಿನ ತಾಯಂದಿರು ಹಾಲೂಡಿಸುವುದನ್ನು ನಿಲ್ಲಿಸಬೇಕಾಗಿಲ್ಲ.