ದೇಹಸಾಧಕರ ಪಥ್ಯದಲ್ಲಿ ಬ್ರೆಡ್ಡಿನ ಆಯ್ಕೆ

ಅಂಗಸಾಧನೆಗೆ ತೊಡಗಿದವರು ಆಹಾರನಿಯಮವನ್ನೂ ಕೈಕೊಳ್ಳುವುದು ಸಹಜ. ಹಾಗೆ ನಿಯಮವನ್ನು ಹಿಡಿದ ಕೂಡಲೆ ಸಂದೇಹಕ್ಕೆ ಗುರಿಯಾಗುವ ಪದಾರ್ಥಗಳಲ್ಲಿ ಬ್ರೆಡ್ಡು ಮೊದಲನೆಯದು. ಕೆಲವರು ಅದನ್ನು ವಿಷವೆಂಬಂತೆ ತ್ಯಜಿಸುತ್ತಾರೆ. ಮತ್ತೆ ಕೆಲವರು ಬಿಳಿಯ ಬ್ರೆಡ್ಡನ್ನು ಬಿಟ್ಟು, ಹೆಚ್ಚು ಬೆಲೆ ತೆತ್ತು, ಕಂದುಬಣ್ಣದ್ದನ್ನು ಕೊಂಡು ನಿಶ್ಚಿಂತರಾಗುತ್ತಾರೆ. ಈ ಎರಡು ಮಾರ್ಗಗಳಿಗೂ ಶಾಸ್ತ್ರದ ಆಧಾರ ಎಷ್ಟರಮಟ್ಟಿಗಿದೆ ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ವಿದ್ಯಾರ್ಥಿನಿಲಯದಲ್ಲಿರುವವರಿಗೂ ಒಂಟಿಯಾಗಿ ಬಾಳುವ ನೌಕರರಿಗೂ ಬ್ರೆಡ್ಡು ಅನೇಕ ವೇಳೆ ನಿತ್ಯದ ಉಪಾಹಾರವಾಗಿರುವುದರಿಂದ, ಇಲ್ಲಿ ಆಗುವ ತಪ್ಪು ದಿನದಿನವೂ ಪುನರಾವರ್ತನೆಗೊಳ್ಳುವ ತಪ್ಪು.

ಮೊದಲು ಗೋದಿಯ ಕಾಳಿನ ರಚನೆಯನ್ನು ನೋಡೋಣ. ಕಾಳಿನಲ್ಲಿ ಮೂರು ಭಾಗಗಳುಂಟು. ಹೊರಗಿನ ಹೊಟ್ಟು ತೂಕದಲ್ಲಿ ಸುಮಾರು ನೂರಕ್ಕೆ 14ರಷ್ಟು; ಮೊಳಕೆಯಾಗತಕ್ಕ ಅಂಕುರ ಸುಮಾರು 3ರಷ್ಟು; ಉಳಿದುದೆಲ್ಲ ಪಿಷ್ಟವು ತುಂಬಿದ ಒಳತಿರುಳು. ನಾರು, ಕಬ್ಬಿಣ ಮುಂತಾದ ಖನಿಜಗಳು ಮತ್ತು ‘ಬಿ’ ವರ್ಗದ ಜೀವಸತ್ವಗಳು ಬಹುಮಟ್ಟಿಗೆ ಮೊದಲೆರಡು ಭಾಗಗಳಲ್ಲಿವೆ. ಇವೆರಡನ್ನೂ ಬೇರ್ಪಡಿಸಿ ಒಳತಿರುಳನ್ನಷ್ಟೇ ಪುಡಿಮಾಡಿದರೆ ದೊರೆಯುವುದು ಮೈದಾ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರಘಟಕಗಳ ಕೋಷ್ಟಕಗಳಂತೆ, 100 ಗ್ರಾಂ ಇಡಿಗೋದಿಯ ಹಿಟ್ಟಿನಲ್ಲಿ ಸುಮಾರು 11 ಗ್ರಾಂ ನಾರಿದ್ದರೆ ಮೈದಾದಲ್ಲಿ 3 ಗ್ರಾಮಿಗಿಂತ ಕಡಮೆ. ಕಬ್ಬಿಣವು ಮೊದಲನೆಯದರಲ್ಲಿ ಸುಮಾರು 4 ಮಿಲಿಗ್ರಾಂ, ಎರಡನೆಯದರಲ್ಲಿ 2 ಮಿಲಿಗ್ರಾಮಿಗಿಂತ ಕಡಮೆ. ಆದರೆ ಪ್ರೋಟೀನಿನ ಪ್ರಮಾಣ ಎರಡರಲ್ಲಿಯೂ 10 ಗ್ರಾಮಿಗೆ ತುಸು ಹೆಚ್ಚಾಗಿ, ಹೆಚ್ಚುಕಡಮೆ ಸಮವಾಗಿಯೇ ಇದೆ. ಸ್ನಾಯುಪುಷ್ಟಿಗೋಸ್ಕರ ಮೈದಾವನ್ನು ಬಿಟ್ಟು ಇಡಿಹಿಟ್ಟನ್ನು ಹಿಡಿಯುವವರು ಈ ಅಂಶವನ್ನು ಗಮನಿಸಬೇಕು. ಇಡಿಹಿಟ್ಟಿನಿಂದ ಬರುವ ಲಾಭ ನಾರಿನದು, ಖನಿಜಗಳದು.

ಎರಡನೆಯದಾಗಿ, ತಿಂದ ಪಿಷ್ಟವು ರಕ್ತದಲ್ಲಿ ಸಕ್ಕರೆಯಾಗುವ ವೇಗವನ್ನು ವಿಚಾರಮಾಡಬೇಕು. ಇದನ್ನು ಅಳೆಯಲು ಟೊರಾಂಟೊ ವಿಶ್ವವಿದ್ಯಾನಿಲಯದ ಡೇವಿಡ್ ಜೆಂಕಿನ್ಸ್ ಮತ್ತು ಅವರ ಸಹೋದ್ಯೋಗಿಗಳು 1981ರಲ್ಲಿ ‘ಗ್ಲೈಸೀಮಿಕ್ ಸೂಚ್ಯಂಕ’ವೆಂಬ ಮಾನವನ್ನು ಪ್ರತಿಪಾದಿಸಿದರು. ಗ್ಲೂಕೋಸನ್ನು 100 ಎಂದಿಟ್ಟುಕೊಂಡು, ಅಷ್ಟೇ ಶರ್ಕರಪಿಷ್ಟವುಳ್ಳ ಬೇರೆ ಆಹಾರವು ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆಂದು ಇದು ತೋರಿಸುತ್ತದೆ. 2008ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಕೋಷ್ಟಕದಲ್ಲಿ ಬಿಳಿಯ ಬ್ರೆಡ್ಡಿನ ಸರಾಸರಿ ಸೂಚ್ಯಂಕ 75. ಇಡಿಗೋದಿಯ ಬ್ರೆಡ್ಡಿನದು 74! ಇಡಿಕಾಳುಗಳು ಸೇರಿದ ವಿಶೇಷ ಬ್ರೆಡ್ಡುಗಳದಾದರೋ ಸುಮಾರು 53.

ಈ ಅಂಕಿಗಳು ಮೊದಲ ನೋಟಕ್ಕೆ ಆಶ್ಚರ್ಯವನ್ನುಂಟುಮಾಡಿದರೂ ಕಾರಣವು ಸರಳವಾಗಿದೆ. ಹೊಟ್ಟು ಹಿಟ್ಟಿನಲ್ಲಿಯೇ ಉಳಿದಿದ್ದರೂ ನಯವಾಗಿ ಬೀಸಿದಾಗ ಪಿಷ್ಟದ ಕಣಗಳಿಗೆ ಅದರ ಆವರಣ ತಪ್ಪಿಹೋಗುತ್ತದೆ. ಹುದುಗೆದ್ದು ಉಬ್ಬಿದ ಬ್ರೆಡ್ಡಿನ ಮೈಯೆಲ್ಲ ರಂಧ್ರಮಯವಾದುದರಿಂದ ಜೀರ್ಣರಸಗಳು ಒಳಹೊಕ್ಕು ಪಿಷ್ಟವನ್ನು ಬೇಗನೆ ಒಡೆಯುತ್ತವೆ. ಕಾಳು ಇಡಿಯಾಗಿಯೋ ನುಚ್ಚಾಗಿಯೋ ಉಳಿದಿದ್ದರೆ ಅದರ ಕೋಶಭಿತ್ತಿಗಳು ಕಿಣ್ವಗಳನ್ನು ತಡೆಯುತ್ತವೆ; ಸಕ್ಕರೆಯು ನಿಧಾನವಾಗಿ ರಕ್ತವನ್ನು ಸೇರುತ್ತದೆ. ಹುಳಿಹಿಟ್ಟಿನಿಂದ ದೀರ್ಘಕಾಲ ಹುದುಗೆಬ್ಬಿಸಿದ ಬ್ರೆಡ್ಡಿನಲ್ಲಿ ಲ್ಯಾಕ್ಟಿಕ್ ಆಮ್ಲವು ಇದೇ ಬಗೆಯ ನಿಧಾನವನ್ನುಂಟುಮಾಡುತ್ತದೆ. ಅಲ್ಲದೆ ಹೊಟ್ಟಿನಲ್ಲಿರುವ ಫೈಟಿಕ್ ಆಮ್ಲವು ಕಬ್ಬಿಣ, ಸತುಗಳನ್ನು ಕಟ್ಟಿಹಾಕಿ ದೇಹಕ್ಕೆ ದಕ್ಕದಂತೆ ಮಾಡುವುದಷ್ಟೆ; ದೀರ್ಘವಾದ ಹುದುಗುವಿಕೆಯಲ್ಲಿ ಅದರ ಬಹುಭಾಗವು ಒಡೆದುಹೋಗುತ್ತದೆ.

ಹಾಗಾದರೆ ಬ್ರೆಡ್ಡಿನ ಬಣ್ಣವು ಏನನ್ನು ತಿಳಿಸುತ್ತದೆ? ಬಹಳ ಸ್ವಲ್ಪವನ್ನು ಮಾತ್ರ. ಕಾಯಿಸಿ ಕಂದಿಸಿದ ಸಕ್ಕರೆಯ ಬಣ್ಣವನ್ನು ಬೆರಸಿ ಮೈದಾದ ಬ್ರೆಡ್ಡಿಗೂ ಇಡಿಗೋದಿಯ ಮೈಬಣ್ಣವನ್ನು ತರಬಹುದು. ಪೊಟ್ಟಣದ ಮೇಲೆ ಅದು 150 ಎಂಬ ಅಂಕೆಯಿಂದ ಸೂಚಿತವಾಗಿರುತ್ತದೆ. ಗಿರಾಕಿಯು ನಂಬಬೇಕಾದುದು ಘಟಕಗಳ ಪಟ್ಟಿಯನ್ನು. ನಮ್ಮ ದೇಶದ ನಿಯಮದಂತೆ ಘಟಕಗಳನ್ನು ಅವುಗಳ ಪ್ರಮಾಣದ ಇಳಿಕೆಯ ಕ್ರಮದಲ್ಲಿ ಮುದ್ರಿಸಬೇಕು. ಪಟ್ಟಿಯ ಮೊದಲಲ್ಲಿ ‘ಸಂಸ್ಕರಿಸಿದ ಗೋದಿಹಿಟ್ಟು’ ಎಂದಿದ್ದರೆ, ಹೊರಗೆ ಯಾವ ಹೆಸರಿದ್ದರೂ ಅದು ಪ್ರಧಾನವಾಗಿ ಮೈದಾದ ಬ್ರೆಡ್ಡೇ. 100 ಗ್ರಾಮಿಗೆ 6 ಗ್ರಾಮಾದರೂ ನಾರಿದ್ದಲ್ಲಿ ಮಾತ್ರ ‘ನಾರು ಹೇರಳ’ವೆಂದು ಹೇಳಿಕೊಳ್ಳಲು ಅವಕಾಶವುಂಟು, ಈ ಅಂಕಿಯನ್ನೇ ಗಿರಾಕಿಯೂ ತನ್ನ ಅಳತೆಗೋಲಾಗಿ ಇಟ್ಟುಕೊಳ್ಳಬಹುದು.

ನಮ್ಮ ನಾಡಿನವರಿಗೆ ಪ್ರಿಯವಾಗಿರುವ ರಾಗಿಯ ಬ್ರೆಡ್ಡಿಗೂ ಈ ಮಾತು ಅನ್ವಯಿಸುತ್ತದೆ. ರಾಗಿಯಲ್ಲಿ ನಾರು ಇಡಿಗೋದಿಯಷ್ಟೇ ಇದೆ. ಸುಣ್ಣದಂಶವಂತೂ 100 ಗ್ರಾಮಿಗೆ 360 ಮಿಲಿಗ್ರಾಮಿನಷ್ಟು. ಆದರೆ ಕಣಕವನ್ನು ಹಿಗ್ಗಿಸಿ ಅನಿಲವನ್ನು ಹಿಡಿದಿಡುವ ಗ್ಲೂಟೆನ್ ರಾಗಿಯಲ್ಲಿಲ್ಲ. ಆದುದರಿಂದ ರಾಗಿಯಿಂದಲೇ ಉಬ್ಬಿದ ಬ್ರೆಡ್ಡಾಗದು; ಗೋದಿಯನ್ನು ಬೆರಸಲೇಬೇಕು. ಎಷ್ಟು ಬೆರಸಿದ್ದಾರೆಂಬುದೇ ಪ್ರಶ್ನೆ. ಪಟ್ಟಿಯಲ್ಲಿ ರಾಗಿಯು ಸಕ್ಕರೆ, ಉಪ್ಪುಗಳ ನೆರೆಯಲ್ಲಿ ನಿಂತಿದ್ದರೆ ಅದು ಹೆಸರಿಗೆ ಮಾತ್ರ ರಾಗಿ. ರಾಗಿಯ ಗುಣವನ್ನು ಬಯಸುವವನಿಗೆ ಮುದ್ದೆಯೇ ಹತ್ತಿರದ ದಾರಿ.

ಇನ್ನು ಗ್ಲೂಟೆನ್ ಇಲ್ಲದ ಬ್ರೆಡ್ಡನ್ನು ಕುರಿತು ಒಂದು ಮಾತು. ಸೀಲಿಯಾಕ್ ರೋಗವುಳ್ಳವರಿಗೆ ಗ್ಲೂಟೆನ್ ಕರುಳನ್ನೇ ಕೆಡಿಸುತ್ತದೆ; ಅವರು ಅದನ್ನು ಸಂಪೂರ್ಣವಾಗಿ ವರ್ಜಿಸಬೇಕು. ಉಳಿದವರು ದೇಹ ಕರಗಿಸುವ ಆಸೆಯಿಂದ ಅದನ್ನು ಬಿಡುವುದರಲ್ಲಿ ಪ್ರಯೋಜನವಿಲ್ಲ. ಅಂಥ ಬ್ರೆಡ್ಡನ್ನು ಅನೇಕ ವೇಳೆ ಅಕ್ಕಿಹಿಟ್ಟು, ಮರಗೆಣಸಿನ ಪಿಷ್ಟಗಳಿಂದ ಮಾಡುವುದರಿಂದ ನಾರು ಮತ್ತಷ್ಟು ಕಡಮೆಯಾಗುವುದೂ ಉಂಟು.

ಬ್ರೆಡ್ಡಿನಲ್ಲಿ ಉಪ್ಪು ನಾಲಗೆಗೆ ಅಷ್ಟಾಗಿ ತೋರದಿದ್ದರೂ ಸಾಮಾನ್ಯವಾಗಿ 100 ಗ್ರಾಮಿಗೆ ಒಂದು ಗ್ರಾಮಿನಷ್ಟಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ವಿಧಿಸಿರುವ ಮಿತಿ ದಿನಕ್ಕೆ 5 ಗ್ರಾಮಿಗಿಂತ ಕಡಮೆ ಎಂಬುದನ್ನು ನೆನೆದರೆ ಇದರ ಮಹತ್ತ್ವ ತಿಳಿಯುತ್ತದೆ. ಮತ್ತೊಂದು ಎಚ್ಚರಿಕೆ: ಕಣಕವನ್ನು ಬಲಪಡಿಸಲು ಬಳಸುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟನ್ನು, ಅದು ಕ್ಯಾನ್ಸರಿಗೆ ಕಾರಣವಾಗಬಹುದೆಂಬ ಶಂಕೆಯಿಂದ, ಭಾರತದಲ್ಲಿ 2016ರ ಜೂನ್ ತಿಂಗಳಲ್ಲಿ ನಿಷೇಧಿಸಲಾಯಿತು. ಪೊಟ್ಟಣವಿಲ್ಲದೆ, ಪಟ್ಟಿಯಿಲ್ಲದೆ ಮಾರುವ ಬ್ರೆಡ್ಡನ್ನು ಕೊಳ್ಳುವಾಗ ಪರಿಚಿತ ಬೇಕರಿಯನ್ನು ಆರಿಸಿಕೊಳ್ಳುವುದು ಲೇಸು.

ಇಷ್ಟೆಲ್ಲವನ್ನೂ ಹೇಳಿದಮೇಲೆ ಬ್ರೆಡ್ಡನ್ನು ಪೂರ್ಣವಾಗಿ ಬಿಡಬೇಕೆ ಎಂಬ ಪ್ರಶ್ನೆಗೆ ಬರೋಣ. ಬಿಡಬೇಕಾದುದಿಲ್ಲ. ಶ್ರಮದ ವ್ಯಾಯಾಮಕ್ಕೆ ಸ್ನಾಯುಗಳು ಬಳಸುವ ಮುಖ್ಯ ಇಂಧನವೇ ಗ್ಲೈಕೊಜನ್. ಅದು ತಯಾರಾಗುವುದು ಶರ್ಕರಪಿಷ್ಟದಿಂದ. ಶರ್ಕರಪಿಷ್ಟವನ್ನು ತೀರ ಕಡಿದುಹಾಕಿದವನು ಭಾರವೆತ್ತುವಲ್ಲಿ, ದೂರ ಓಡುವಲ್ಲಿ ಬೇಗನೆ ಬಳಲುತ್ತಾನೆ. ದೀರ್ಘವಾದ ಓಟದ ಅನಂತರ ಬೇಗ ಜೀರ್ಣವಾಗುವ ಬಿಳಿಯ ಬ್ರೆಡ್ಡಿಗೂ ಸ್ಥಾನವುಂಟು; ಓಟಕ್ಕೆ ಮುಂಚೆ ನಾರು ತುಂಬಿದ ಬ್ರೆಡ್ಡನ್ನು ತಿಂದರೆ ಹೊಟ್ಟೆ ಭಾರವಾದೀತು. ದಿನದ ಉಳಿದ ಹೊತ್ತಿನಲ್ಲಿ, ಕುಳಿತು ಕೆಲಸಮಾಡುವವನಿಗೆ, ನಿಧಾನವಾಗಿ ಜೀರ್ಣವಾಗುವುದೇ ಹಿತಕರ.

ಪ್ರಮಾಣವನ್ನಂತೂ ಮರೆಯಲಾಗದು. ಬಿಳಿಯದಾಗಲಿ ಕಂದಾಗಲಿ, 100 ಗ್ರಾಂ ಬ್ರೆಡ್ಡಿನಿಂದ ದೊರೆಯುವುದು ಸುಮಾರು 250 ಕ್ಯಾಲರಿಗಳು. ಬಣ್ಣದ ಭರವಸೆಯಿಂದ ಎರಡು ಹೋಳಿನ ಬದಲು ನಾಲ್ಕನ್ನು ತಿಂದವನು ಉಳಿಸಿದ್ದೇನೂ ಇಲ್ಲ. ಗೋದಿಯ ಪ್ರೋಟೀನಿನಲ್ಲಿ ಲೈಸೀನ್ ಎಂಬ ಅಮೈನೊ ಆಮ್ಲದ ಕೊರತೆಯುಂಟು. ಬೇಳೆಕಾಳು, ಹಾಲು, ಮೊಟ್ಟೆಗಳು ಅದನ್ನು ತುಂಬಿಕೊಡುತ್ತವೆ. ಎರಡು ಹೋಳು ಬ್ರೆಡ್ಡಿನ ಜೊತೆಗೆ ಮೊಳಕೆಕಾಳಿನ ಉಸಲಿಯನ್ನೋ ಬೇಯಿಸಿದ ಮೊಟ್ಟೆಯನ್ನೋ ಸೇರಿಸಿದಲ್ಲಿ ಆ ಊಟದ ಗುಣವು ದುಬಾರಿ ಬ್ರೆಡ್ಡೊಂದರಿಂದ ಹೆಚ್ಚುವುದಕ್ಕಿಂತ ಅಧಿಕವಾಗಿ ಹೆಚ್ಚುತ್ತದೆ.

ಒಟ್ಟಿನಲ್ಲಿ, ಬ್ರೆಡ್ಡನ್ನು ಕೊಳ್ಳುವಾಗ ಪಟ್ಟಿಯ ಮೊದಲ ಹೆಸರು, ನಾರಿನ ಅಂಕಿ, ಉಪ್ಪು ಸಕ್ಕರೆಗಳ ಪ್ರಮಾಣ ಇವನ್ನು ನೋಡಬೇಕು. ತಿನ್ನುವಾಗ ಹೋಳುಗಳನ್ನು ಎಣಿಸಬೇಕು. ಇದಕ್ಕೆ ಬೇಕಾದುದು ಅಂಗಡಿಯ ಮುಂದೆ ಅರ್ಧ ನಿಮಿಷದ ತಾಳ್ಮೆ. ಮಧುಮೇಹವು ನಮ್ಮ ಜನರನ್ನು ಚಿಕ್ಕ ವಯಸ್ಸಿನಲ್ಲಿಯೇ ಹಿಡಿಯುತ್ತಿರುವ ಈ ಕಾಲದಲ್ಲಿ ಆ ಅರ್ಧ ನಿಮಿಷವು ವ್ಯರ್ಥವಾಗಲಾರದು.